ತೊಂಬತ್ತೇಳು ದಿನ

ಲೆಂಪಿ ಹಾರ್ಜುವಿಗೆ ಹಾಡಲು ಬರುತ್ತಿರಲಿಲ್ಲ. ಆದರೂ ಟಾಮರಾಕ್ ಫಾಲ್ಸ್ ಊರಿನ ಆಪೆರಾ ಕಂಪನಿಯಲ್ಲಿ ಅವಳಷ್ಟು ಹಳಬರು ಇನ್ನೊಬ್ಬರಿರಲಿಲ್ಲ. ಮೂವತ್ತನಾಲ್ಕು ವರ್ಷದಿಂದ ಅಲ್ಲಿ ಉಡುಪು ಹೊಲಿಯುವವಳು ಅವಳು. ಗಣಿಯವರು ತಮ್ಮ ಒಳ್ಳೆಯ ಕಾಲದಲ್ಲಿ ಕಟ್ಟಿಸಿದ ರಂಗಮಂದಿರದ ನೆಲಮಾಳಿಗೆಯಲ್ಲಿ, ಬಾಯ್ಲರಿನ ಪಕ್ಕ, ಅವಳ ಕೋಣೆ. ತಾಮ್ರ ಮುಗಿದು ಗಣಿ ಮುಚ್ಚಿತು, ಅದರ ಹಿಂದೆಯೇ ರೈಲೂ ನಿಂತಿತು, ಬಟ್ಟೆ ಅಂಗಡಿ, ಬೇಕರಿ ಒಂದೊಂದಾಗಿ ಬಾಗಿಲೆಳೆದುಕೊಂಡವು. ಕಂಪನಿ ಮಾತ್ರ ಹೇಗೋ ಉಸಿರು ಹಿಡಿದುಕೊಂಡಿತ್ತು. ವರ್ಷಕ್ಕೆ ಎರಡು ಆಟ. ಹಿಮ ಬೀಳುವ ಹೊತ್ತಿಗೊಂದು, ಕರಗುವ ಹೊತ್ತಿಗೊಂದು. ನಾಯಕ ನಾಯಕಿಯರು ಷಿಕಾಗೋ, ಡೆಟ್ರಾಯಿಟ್ ಕಡೆಯಿಂದ ಬರುತ್ತಿದ್ದರು. ಮೇಳದಲ್ಲಿ ನಿಂತು ಹಾಡುವವರೆಲ್ಲ ಊರಿನವರೇ. ಅಂಚೆಯವನು, ಹಲ್ಲಿನ ಡಾಕ್ಟರು, ಬೇಲಿಯ ಜಗಳಕ್ಕೆ ಎಂಟು ವರ್ಷದಿಂದ ಮಾತು ಬಿಟ್ಟ ಅಣ್ಣತಮ್ಮಂದಿರು, ಎಲ್ಲ ಒಂದೇ ಸಾಲಿನಲ್ಲಿ ನಿಂತು ಒಂದೇ ಉಸಿರಿಗೆ ಬಾಯಿ ತೆರೆಯುತ್ತಿದ್ದರು. ಮೇಳದವರು ಯಾರಾದರೂ ತೀರಿಕೊಂಡರೆ ಉಳಿದವರು ಚರ್ಚಿನಲ್ಲೂ ಗುಂಡಿಯ ಬಳಿಯೂ ಹಾಡಿ ಕಳಿಸಿಕೊಡುವುದು ವಾಡಿಕೆ.

ಊರಿನ ಅರ್ಧ ಜನರ ಮೈ ಅಳತೆ ಲೆಂಪಿಯ ಕೈಯಲ್ಲಿತ್ತು. ಯಾರ ಹೆಗಲು ಇಳಿದಿದೆ, ಯಾರು ಕುಡಿತ ಹೆಚ್ಚಿಸಿದ್ದಾರೆ, ಎಲ್ಲ ಟೇಪಿಗೆ ಮೊದಲು ಗೊತ್ತಾಗುತ್ತಿತ್ತು. ಗಂಡನಿಗಿಂತ ಮುಂಚೆ ಬಸಿರು ಕಂಡುಹಿಡಿದದ್ದೂ ಉಂಟು. ಆದರೆ ಆ ಕೋಣೆಯ ಮಾತು ಹೊಸ್ತಿಲು ದಾಟುತ್ತಿರಲಿಲ್ಲ. ಅದಕ್ಕೇ ಜನ ಅವಳೆದುರು ಕೋಟು ಬಿಚ್ಚಿ, ಕೈಯೆತ್ತಿ, ಸಂಕೋಚವಿಲ್ಲದೆ ನಿಲ್ಲುತ್ತಿದ್ದರು.

ಆ ವರ್ಷ ಸೆಪ್ಟೆಂಬರ್ ಹದಿನಾಲ್ಕಕ್ಕೆ ರೂಡಿ ಸ್ಟಿಮಾಕ್ ಅಳತೆ ಕೊಡಲು ಬಂದ. ಚಳಿಗಾಲದಲ್ಲಿ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುವವನು. ಮೇಳದಲ್ಲಿ ಅವನ ದನಿ ಇಲ್ಲದಿದ್ದರೆ ನೆಲವೇ ಇಲ್ಲದ ಮನೆಯ ಹಾಗಾಗುತ್ತಿತ್ತು.

"ಈ ಸಲ ನಿನಗೆ ಬಟ್ಟೆ ಉಳಿಸಿಕೊಡ್ತೀನಿ ಕಣೇ ಲೆಂಪಿ," ಎಂದು ಕೈಯೆತ್ತಿ ನಿಂತ.

ಹೋದ ವರ್ಷದ ಸೊಂಟ ನಲವತ್ತನಾಲ್ಕು ಇಂಚು. ಈಗ ಮೂವತ್ತೊಂಬತ್ತು. ಲೆಂಪಿ ಇನ್ನೊಮ್ಮೆ ಸುತ್ತಿದಳು.

"ಟೇಪು ಹಿಗ್ಗಿರಬೇಕು," ಎಂದ ರೂಡಿ.

"ಟೇಪು ಹಿಗ್ಗಲ್ಲ. ಏನಾಗಿದೆ ನಿಂಗೆ?"

ಅವನು ಬಟ್ಟೆ ಕತ್ತರಿಸುವ ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡ. "ಹೊಟ್ಟೇಲಿ ಗಡ್ಡೆ. ಕೆಟ್ಟದ್ದೇ. ಬರೋ ಬೇಸಿಗೆ ನೋಡೋದು ಅನುಮಾನ ಅಂದ್ರು ದೊಡ್ಡಾಸ್ಪತ್ರೆ ಡಾಕ್ಟ್ರು."

"ಹೆಂಡ್ತಿಗೆ ಹೇಳಿದ್ಯಾ, ವರ್ನಾಗೆ?"

"ಸಕ್ಕರೆ ಕಾಯಿಲೆ, ಪಥ್ಯ ಅಂತ ಹೇಳಿದೀನಿ. ಬಿಯರ್ ಬಿಟ್ಟೆ ಅಂತ ಖುಷಿಯಾಗಿದಾಳೆ ಪಾಪ. ಕ್ರಿಸ್‌ಮಸ್‌ಗೆ ಡಾನಾ ಅಲಾಸ್ಕದಿಂದ ಬರ್ತಾಳಲ್ಲ, ತಾಯಿ ಮಗಳು ಇಬ್ಬರನ್ನೂ ಕೂರಿಸ್ಕೊಂಡು ಹೇಳ್ತೀನಿ. ಈ ಒಂದು ಆಟ ನೆಮ್ಮದಿಯಾಗಿ ಹಾಡ್ಬಿಡ್ತೀನಿ, ಲೆಂಪಿ. ಆಮೇಲೆ ಅಳೋದು ಇದ್ದೇ ಇದೆ."

ಅವನ ಸಾವು, ಅವನ ಮಾತು, ನಾನು ಯಾರು ನಡುವೆ ಬಾಯಿ ಹಾಕಲು ಎಂದುಕೊಂಡಳು ಲೆಂಪಿ. ಹೋಟೆಲಿನ ಯಜಮಾನನ ವೇಷದ ಮೇಲಂಗಿಯೊಳಗೆ ರಜಾಯಿಯ ಹತ್ತಿ ತುಂಬಿ ಹಳೆಯ ಹೊಟ್ಟೆಯನ್ನು ಮತ್ತೆ ಕಟ್ಟಿಕೊಟ್ಟಳು. ಅಷ್ಟಕ್ಕೇ ಮುಗಿಯಲಿಲ್ಲ. ವಾರಕ್ಕೊಮ್ಮೆ ಅವನು ಮನೆಯಲ್ಲಿ ತೊಡುವ ಪ್ಯಾಂಟು, ಅಂಗಿಗಳನ್ನೂ ಚೀಲದಲ್ಲಿ ತಂದಿಡುತ್ತಿದ್ದ. ಜೋತುಬಿದ್ದು ಗುಟ್ಟು ಬಿಟ್ಟುಕೊಡದಂತೆ ಅವಳು ಅರ್ಧರ್ಧ ಇಂಚು ಹಿಡಿದು ಹೊಲಿದು, ಗುಂಡಿ ಸರಿಸಿ ಕೊಡುತ್ತಿದ್ದಳು.

ನವೆಂಬರಿನ ಭಾನುವಾರ ಮಧ್ಯಾಹ್ನದ ಆಟ. ರೂಡಿಗೆ ಒಬ್ಬನೇ ಹಾಡುವ ನಾಲ್ಕು ಸಾಲಿತ್ತು. ಹಾಡಿದ, ಬಾಲ್ಕನಿಯ ಜನ ಕಾಲು ಕುಟ್ಟಿ ಕೂಗಿದರು. ಆಟ ಮುಗಿದ ಮೇಲೆ ಹೊರಗಿನ ಹಜಾರದಲ್ಲಿ ಎಲ್ಲರಿಗೂ ಕಾಫಿ, ಏಲಕ್ಕಿ ಬ್ರೆಡ್ಡು. ವರ್ನಾ ಜನರನ್ನು ಸರಿಸಿಕೊಂಡು ಬಂದು ಲೆಂಪಿಯ ಕೈ ಹಿಡಿದಳು.

"ನೋಡಿದ್ಯಾ ನನ್ನ ಗಂಡನ್ನ? ಎತ್ತಿನ ಹಾಗಿದಾನೆ! ನಾನೇನೋ ಸೊರಗಿದ ಅಂತ ಒಳಗೊಳಗೇ ಹೆದರ್ಕೊಂಡಿದ್ದೆ. ಇವತ್ತು ನೋಡಿ ಸಮಾಧಾನ ಆಯ್ತು ಮಾರಾಯ್ತಿ. ಡಾನಾಗೆ ಫೋನ್ ಮಾಡಿ, ಈ ಹಿಮದಲ್ಲಿ ಮಗು ಕಟ್ಕೊಂಡು ಯಾಕೆ ಒದ್ದಾಡ್ತೀಯ, ಜೂನ್‌ಗೆ ಬಾ ಅಂದ್ಬಿಡ್ತೀನಿ."

ಲೆಂಪಿ ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗಿಟ್ಟಳು. "ಚೆನ್ನಾಗಿ ಹಾಡಿದ," ಎಂದಳು. ಅಷ್ಟೇ ಹೊರಬಂದದ್ದು.

ನೆಲಮಾಳಿಗೆಗೆ ಇಳಿದು ಬಂದರೆ ರೂಡಿ ಬೆವರಿನಲ್ಲಿ ತೊಯ್ದು ಕುರ್ಚಿಯ ಮೇಲೆ ಕುಸಿದಿದ್ದ.

"ವರ್ನಾ ಮಗಳಿಗೆ ಬರಬೇಡ ಅಂತಾಳಂತೆ. ಇವತ್ತೇ ಹೇಳೋ ಅವಳಿಗೆ."

"ಥ್ಯಾಂಕ್ಸ್‌ಗಿವಿಂಗ್ ಹಬ್ಬ ಒಂದು ಕಳೀಲಿ ಕಣೇ."

"ನೀನು ಹೇಳದಿದ್ರೆ ನಾನೇ ಹೇಳ್ತೀನಿ."

ಅವನು ತಲೆಯೆತ್ತಿ ಅವಳನ್ನೇ ನೋಡಿದ. "ನೀನು ಹೇಳಲ್ಲ ಲೆಂಪಿ. ಊರಿಗೇ ಗೊತ್ತು ಅದು."

ಅವಳು ಹೇಳಲಿಲ್ಲ. ಹಬ್ಬ ಕಳೆಯಿತು, ಅವನೂ ಹೇಳಲಿಲ್ಲ. ಡಿಸೆಂಬರ್ ಹದಿನಾರರ ಬೆಳಗ್ಗೆ ದಿಬ್ಬದ ರಸ್ತೆಯ ನಡುವೆ ಹಿಮದ ಲಾರಿ ನಿಂತಿತ್ತು. ಎಂಜಿನ್ ಓಡುತ್ತಲೇ ಇತ್ತು, ರೂಡಿ ಸ್ಟಿಯರಿಂಗಿನ ಮೇಲೆ ಕವುಚಿ ಬಿದ್ದಿದ್ದ. ಆಸ್ಪತ್ರೆಯಲ್ಲಿ ನಾಲ್ಕು ದಿನ. ಗಡ್ಡೆಯ ವಿಷಯ ವರ್ನಾಗೆ ತಿಳಿದದ್ದು ಅಲ್ಲೇ. ಸುದ್ದಿ ತಿಳಿದು ಡಾನಾ ಹೊರಟಳು. ಬಿರುಗಾಳಿಗೆ ವಿಮಾನಗಳು ನಿಂತು ಮಿನಿಯಾಪೊಲಿಸ್‌ನಲ್ಲಿ ಸಿಕ್ಕಿಬಿದ್ದಳು. ಇಪ್ಪತ್ತಕ್ಕೆ ಅಪ್ಪ ಹೋದ, ಇಪ್ಪತ್ತೆರಡಕ್ಕೆ ಮಗಳು ಬಂದಳು.

ಶವಕ್ಕೆ ತೊಡಿಸಲು ಭಾನುವಾರದ ಸೂಟು ತೆಗೆದಾಗ ವರ್ನಾ ಪ್ಯಾಂಟಿನ ಪಟ್ಟಿ ಮಗುಚಿ ನೋಡಿದಳಂತೆ. ಆಮೇಲೆ ಬೀರುವಿನಲ್ಲಿದ್ದ ಒಂದೊಂದನ್ನೂ ತೆಗೆದು ನೋಡಿದಳಂತೆ. ಲೆಂಪಿಯ ಕೈ ಹೊಲಿಗೆ ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಅವಳ ಮದುವೆಯ ಉಡುಪನ್ನು ಹೊಲಿದದ್ದೂ ಅದೇ ಕೈ.

ಜನವರಿಯ ಒಂದು ಮಧ್ಯಾಹ್ನ ವರ್ನಾ ನೆಲಮಾಳಿಗೆಗೆ ಬಂದು ಆ ಪ್ಯಾಂಟುಗಳನ್ನು ಮೇಜಿನ ಮೇಲೆ ಸುರಿದಳು. "ಯಾವತ್ತು ಗೊತ್ತಾಯ್ತು ನಿಂಗೆ?"

"ಸೆಪ್ಟೆಂಬರ್ ಹದಿನಾಲ್ಕು."

ವರ್ನಾ ರೂಡಿ ಹೋದ ದಿನದವರೆಗೆ ಬೆರಳು ಮಡಚಿ ಎಣಿಸಿದಳು. ಅವಸರವಿರಲಿಲ್ಲ. "ತೊಂಬತ್ತೇಳು ದಿನ."

"ವರ್ನಾ, ಅವನೇ ಕೇಳ್ಕೊಂಡ..."

"ಅವನು ಕೇಳ್ತಾನೆ. ಹೆದರಿದ್ದ, ಕೇಳ್ದ. ನೀನು ಹೆದರಿರ್ಲಿಲ್ವಲ್ಲ? ಮಗಳಿಗೆ ಬರಬೇಡ ಅಂತೀನಿ ಅಂದಾಗ ನಿನ್ನ ಕೈ ನನ್ನ ಕೈಯಲ್ಲೇ ಇತ್ತಲ್ಲೇ! ಆ ತೊಂಬತ್ತೇಳು ದಿನ ನನ್ನವು. ನಿನ್ನ ಹೊಲಿಗೆ ಡಬ್ಬೀಲಿ ಇಟ್ಕೊಂಡ್ಬಿಟ್ಟೆ."

ಲೆಂಪಿ ಆ ಪ್ಯಾಂಟುಗಳನ್ನು ಒಂದೊಂದಾಗಿ ಮಡಿಸತೊಡಗಿದಳು.

ಚಿಕ್ಕ ಊರು, ಮಾತು ಹರಡಿತು. ಗುಟ್ಟು ಕಾಯುತ್ತಾಳೆ ಎಂದು ಯಾವ ಜನ ಅವಳನ್ನು ನಂಬಿದ್ದರೋ ಅದೇ ಜನ ಈಗ ಅದೇ ಕಾರಣಕ್ಕೆ ಮುಖ ತಿರುಗಿಸಿದರು. ವಸಂತದ ಆಟಕ್ಕೆ ಅಳತೆ ಕೊಡಲು ಬಂದವರು ಏಳೇ ಮಂದಿ. ಉಳಿದವರು ಮನೆಯಲ್ಲೇ ಅಳೆದುಕೊಂಡು ಚೀಟಿ ಕಳಿಸಿದರು. "ಬೇಜಾರು ಮಾಡ್ಕೋಬೇಡಿ ಲೆಂಪಿ ಆಂಟಿ, ಕೆಲ ದಿನ ಹೀಗೆ," ಎಂದ ಕಂಪನಿಯ ಹೊಸ ಮ್ಯಾನೇಜರು. ಚೀಟಿ ನೋಡಿ ಹೊಲಿದ ಉಡುಪು ಯಾರಿಗೂ ಸರಿಯಾಗಿ ಕೂರಲಿಲ್ಲ. ಆ ಆಟ ಮುಗಿಸಿ ಅವಳು ಕೋಣೆಯ ಬೀಗದ ಕೈ ಕೊಟ್ಟುಬಿಟ್ಟಳು.

ಆ ಕಡೆ ಚಳಿಗಾಲದಲ್ಲಿ ಸತ್ತವರನ್ನು ಚಳಿಗಾಲದಲ್ಲೇ ಹೂಳಲಾಗುವುದಿಲ್ಲ, ನೆಲ ಕಲ್ಲಾಗಿರುತ್ತದೆ. ಮೇ ತಿಂಗಳಲ್ಲಿ ಮಣ್ಣು ಸಡಿಲವಾದಾಗ ರೂಡಿಯನ್ನು ಹೂತರು. ಮೇಳದವರು ಗುಂಡಿಯ ಸುತ್ತ ನಿಂತು ಹಾಡಿದರು. ಅವನ ದನಿಯಿಲ್ಲದೆ ಹಾಡು ಗಾಳಿಗೆ ಹಾರಿಹೋಗುವಂತಿತ್ತು. ಲೆಂಪಿ ಹತ್ತಿರ ಹೋಗದೆ ರಸ್ತೆಯ ಅಂಚಿನಲ್ಲಿ ನಿಂತಿದ್ದಳು. ಎಲ್ಲ ಮುಗಿದ ಮೇಲೆ ಡಾನಾ ಮಗುವನ್ನೆತ್ತಿಕೊಂಡು ಅವಳ ಬಳಿ ಬಂದಳು.

"ಮೊದಲನೇ ಸಲ ನಿಮಗೆ ಹೇಳಿದಾಗ ಅಪ್ಪ ಹೇಗಿದ್ರು?"

ಲೆಂಪಿ ಈ ಸಲ ಏನೂ ಮುಚ್ಚಿಡಲಿಲ್ಲ. "ಮೊದಲು ತಮಾಷೆ ಮಾಡ್ದ. ಆಮೇಲೆ ಮೇಜು ಹಿಡ್ಕೊಂಡ. ಹೇಳಿ ಮುಗಿಸಿ ತುಂಬ ಹೊತ್ತು ಅತ್ತ. ಹೆಂಡತಿ ಹೆಸರು ಹಿಡ್ಕೊಂಡು ಅತ್ತ."

ಡಾನಾ ಮಗುವಿನ ಟೋಪಿ ಸರಿಮಾಡಿದಳು. "ಅತ್ತಿದ್ದು ಅಮ್ಮನಿಗೆ ಹೇಳ್ಬೇಡಿ. ಅಪ್ಪ ನಿಮ್ಮೆದುರು ಅತ್ರು ಅಂದ್ರೆ ಅಮ್ಮನಿಂದ ತಡ್ಕೊಳ್ಳೋಕಾಗಲ್ಲ."

"ಇಲ್ಲ ಕಣಮ್ಮ," ಎಂದಳು ಲೆಂಪಿ. "ನಾನಾಗಿ ಹೋಗಿ ಹೇಳಲ್ಲ. ಆದ್ರೆ ಅವಳು ಕೇಳಿದ್ರೆ ಹೇಳ್ತೀನಿ."

ಅದಾದ ಮೇಲೆ ಲೆಂಪಿ ಆರು ವರ್ಷ ಬದುಕಿದಳು. ಅಂಚೆ ಕಚೇರಿಯಲ್ಲಿ, ದಿನಸಿ ಅಂಗಡಿಯ ಸಾಲಿನಲ್ಲಿ ವರ್ನಾ ಎಷ್ಟೋ ಸಲ ಎದುರಾದಳು. ಪ್ರತಿ ಸಲವೂ ಲೆಂಪಿ ಒಂದು ಗಳಿಗೆ ಹೆಜ್ಜೆ ನಿಲ್ಲಿಸುತ್ತಿದ್ದಳು. ವರ್ನಾ ಕೇಳಲೇ ಇಲ್ಲ.