ಮಣೆಯ ಮೇಲಿನ ಹಾರಾಟದ ಪುಸ್ತಕ

ಅಣ್ಣ ಪುಣೆಯಲ್ಲಿ ವಿಮಾನ ಹಾರಿಸುವುದನ್ನು ಕಲಿತು ಲೈಸೆನ್ಸ್ ಪಡೆದಾಗ, ಇನ್ನು ಇವನು ಕಲಿಯುವುದೇನೂ ಉಳಿದಿಲ್ಲ ಎಂದು ಬೆಟಗೇರಿಯ ನಮ್ಮ ಓಣಿಯವರು ತಿಳಿದರು. ಆ ಲೈಸೆನ್ಸ್ ಉಳಿಸಿಕೊಳ್ಳುವುದೇ ದೊಡ್ಡ ಕೆಲಸವೆಂದು ನಮಗೆ ಗೊತ್ತಿತ್ತು. ಗೊತ್ತುಪಡಿಸಿದ ಅವಧಿಯೊಳಗೆ ಇಷ್ಟು ತಾಸು ಹಾರಿರಬೇಕು, ಹಾರಿದ್ದನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಬೇಕು. ತಪ್ಪಿದರೆ ಪರೀಕ್ಷೆ ಮೊದಲಿನಿಂದ.

ನಮ್ಮ ಸೀಮೆ ಮುಂಬೈ ರಾಜ್ಯ ಬಿಟ್ಟು ಕನ್ನಡ ನಾಡಿಗೆ ಸೇರಲಿದ್ದ ವರ್ಷ, ಅವನು ಕಾಮಾಲೆಯಾಗಿ ಎರಡು ತಿಂಗಳು ಮನೆಯಲ್ಲೇ ಉಳಿದ. ಕೈ ಮರೆಯಬಾರದೆಂದು ಊಟದ ಮಣೆಯ ಮೇಲೆ ಕುಳಿತು, ಲಟ್ಟಣಿಗೆಯನ್ನು ವಿಮಾನ ನಡೆಸುವ ಕೋಲಿನಂತೆ ಮುಂದೆ ನೆಟ್ಟಗೆ ಹಿಡಿದು ಅಭ್ಯಾಸ ಮಾಡುತ್ತಿದ್ದ. ಹಾರುವ ಮುಂಚೆ ನೋಡಬೇಕಾದವುಗಳ ಪಟ್ಟಿಯನ್ನು ನಾನು ಓದುತ್ತಿದ್ದೆ.

"ಎಣ್ಣಿ?"

"ಐತಿ."

"ಗಾಳಿ?"

"ನಾಗಾವಿ ಕಡಿಂದ."

"ಚಪಾತಿ ಮಾಡಬೇಕು, ನಿನ್ನ ವಿಮಾನ ಕೊಡೋ," ಎಂದು ಅವ್ವ ಲಟ್ಟಣಿಗೆ ಕಸಿದುಕೊಳ್ಳುತ್ತಿದ್ದಳು.

ಡಾಕ್ಟರು ಹೋಗಬಹುದೆಂದಾಗ ಅವಧಿ ಮುಗಿಯಲು ಅಂದು, ಮರುದಿನ, ಎರಡೇ ದಿನ ಉಳಿದಿತ್ತು, ಇನ್ನೂ ಮೂರು ತಾಸು ಹಾರಬೇಕಿತ್ತು. ಅಂದು ಖಂಡೇಪೂಜೆ, ದಸರೆಯ ಹಿಂದಿನ ದಿನದ ಆಯುಧಪೂಜೆ. ಸಂಜೆಯ ಗಾಡಿಗೆಂದು ಅಣ್ಣ ಟ್ರಂಕು ತೆರೆದರೆ ಪುಸ್ತಕವೇ ಇಲ್ಲ. ಅವ್ವ ಅದನ್ನು ಅದೇ ಮಣೆಯ ಮೇಲಿಟ್ಟು, ಅಪ್ಪನ ತಕ್ಕಡಿಯ ಪಕ್ಕದಲ್ಲಿ ಕುಂಕುಮ ಹಚ್ಚಿ ಚೆಂಡುಹೂ ಏರಿಸಿ ಪೂಜೆ ಮಾಡಿದ್ದಳು. ಪೂಜೆಗಿಟ್ಟ ಹತಾರವನ್ನು ಮರುದಿನದವರೆಗೆ ಮುಟ್ಟುವಂತಿಲ್ಲ.

"ಅವ್ವಾ, ಇವತ್ತಿನ ಗಾಡಿ ತಪ್ಪಿದ್ರ ಲೈಸೆನ್ಸ್ ಸತ್ತಂಗ."

"ಹಬ್ಬದ ದಿನ ಅಂಥಾ ಮಾತ ಆಡಬ್ಯಾಡ. ನಾಳೆ ಬನ್ನಿ ಮುಡದು ಹೋಗು."

"ಸರಕಾರ ಅಲ್ಲೀತನಕಾ ತಡಿಯಂಗಿಲ್ಲ."

"ನಾಡು ಕೂಡಸಾಕ ಇಷ್ಟ ವರ್ಷ ತಡದೈತಿ. ನಿನಗೊಂದು ದಿನ ತಡಿಯಂಗಿಲ್ಲೇನು?"

ಅಣ್ಣ ಮಣೆಯ ಮುಂದೆ ಕುಳಿತ. ಕಾಮಾಲೆಯಲ್ಲೂ ಅವನ ಮುಖ ಅಷ್ಟು ಬಾಡಿರಲಿಲ್ಲ. ಅವ್ವ ಒಳಗೆ ಹೋದಳು, ಬಂದಳು, ಮತ್ತೆ ಹೋದಳು. ಕೊನೆಗೆ ಹಸಿರು ಖಣದ ಬಟ್ಟೆಯೊಂದನ್ನು ತಂದಳು.

"ಪುಸ್ತಕ ಮುಟ್ಟಬ್ಯಾಡ. ಮಣಿ ಒಯ್ಯಬಾರದಂತ ಯಾರೂ ಹೇಳಿಲ್ಲ."

ಹೂವು ಸರಿಯದಂತೆ ಮಣೆಗೆ ಮೇಲಿಂದ ಬಟ್ಟೆ ಕಟ್ಟಿದೆವು. ಗದಗ ಸ್ಟೇಶನ್ನಿನಲ್ಲಿ ಅಣ್ಣ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಎದುರಿನ ಮುದುಕಿ, "ಯಾವ ದೇವರೋ ತಮ್ಮಾ?" ಎಂದು ಕೈಮುಗಿದಳು.

"ನಮ್ಮವ್ವಂದು," ಎಂದ.

ಮರುದಿನ ಬೆಳಿಗ್ಗೆ ಪುಣೆಯಲ್ಲಿ ಬಟ್ಟೆ ಬಿಚ್ಚಿ, ಪುಸ್ತಕ ತೆಗೆದು, ಸಂಜೆಯೊಳಗೆ ಮೂರು ತಾಸು ಹಾರಿದ. ಲೈಸೆನ್ಸ್ ಉಳಿಯಿತು. ಮುಂದೆ ಎಷ್ಟೋ ವರ್ಷ ಅದನ್ನು ಹಾಗೆಯೇ ಕಾಪಾಡಿಕೊಂಡ. ಪ್ರತಿ ಸಲ ಸಹಿಯಾದ ಮೇಲೆ ನನಗೊಂದು ಕಾರ್ಡು ಬರೆಯುತ್ತಿದ್ದ: "ಎಣ್ಣಿ ಐತಿ."

ಹೋದ ಶ್ರಾವಣದಲ್ಲಿ ಅಣ್ಣ ತೀರಿಕೊಂಡ. ಅವನ ಸಾಮಾನಿನ ಜೊತೆ ಆ ಮಣೆಯೂ ಪುಸ್ತಕವೂ ನನ್ನಲ್ಲಿಗೆ ಬಂದವು. ಸಾವಾದ ವರ್ಷ ನಮ್ಮಲ್ಲಿ ಹಬ್ಬ ಮಾಡುವುದಿಲ್ಲ. ಖಂಡೇಪೂಜೆಯ ದಿನ ಮಣೆಯನ್ನು ತೊಳೆದು, ಒರೆಸಿ, ಪುಸ್ತಕವನ್ನಷ್ಟೇ ಇಟ್ಟೆ. ಹೂವಿಲ್ಲ. ರಟ್ಟಿನ ಮೇಲೆ ಅವ್ವ ಹಚ್ಚಿದ ಕುಂಕುಮದ ಕಲೆ ಇನ್ನೂ ಇತ್ತು. ಮರುದಿನ ಎತ್ತಬೇಕಿತ್ತು. ಅದನ್ನು ಕೇಳಿಕೊಂಡು ಬರುವವರು ಯಾರೂ ಇರಲಿಲ್ಲವಾದ್ದರಿಂದ ಅಲ್ಲಿಯೇ ಬಿಟ್ಟಿದ್ದೇನೆ.