ಬೀಗ ಹಾಕಿದ ಶೆಡ್ಡಿನ ಆಯುಧಪೂಜೆ

ನಮ್ಮ ಸೀನಿಯರ್ ವಕೀಲರ ಎರಡೂ ಕಿವಿಗಳಿಂದ ಬಿಳಿ ಕೂದಲಿನ ಕುಚ್ಚು ಹೊರಕ್ಕೆ ಚಾಚಿಕೊಂಡಿತ್ತು. ನ್ಯಾಯಾಧೀಶರು ಉತ್ತರವಿಲ್ಲದ ಪ್ರಶ್ನೆ ಕೇಳಿದಾಗ ಅವರು ಬಲಗಿವಿಯ ಕುಚ್ಚನ್ನು ದೀಪದ ಬತ್ತಿಯಂತೆ ನಿಧಾನವಾಗಿ ಹೊಸೆಯುತ್ತಿದ್ದರು. ಭದ್ರಾವತಿಯ ಎರಕದ ಶೆಡ್ಡಿನ ಕೇಸು ನಡೆದಷ್ಟು ವರ್ಷವೂ ಆ ಕುಚ್ಚಿಗೆ ಬಿಡುವಿರಲಿಲ್ಲ.

ನಾನು ಅವರ ಜೂನಿಯರ್. ರವೀಂದ್ರನಗರದ ಅವರ ಮನೆಯಿಂದ ಕಡತದ ಗಂಟು ಹೊತ್ತು ಭದ್ರಾವತಿಯ ಬಸ್ಸು ಹತ್ತುವುದು ನನ್ನ ವಕೀಲಿ ವೃತ್ತಿಯ ಮೊದಲ ಅಧ್ಯಾಯ. ಬಸ್ಸಿನಲ್ಲಿ ಅವರು ಕರೀ ಕೋಟನ್ನು ಒಳಹೊರಗು ಮಾಡಿ ಮಡಿಲಲ್ಲಿಟ್ಟುಕೊಳ್ಳುತ್ತಿದ್ದರು. "ಕೋರ್ಟೊಳಗೆ ಇದು ವಕೀಲ. ಬಸ್ಸಲ್ಲಿ ಬಟ್ಟೆ," ಎನ್ನುತ್ತಿದ್ದರು.

ಕೇಸು ಇಷ್ಟು. ಜರ್ಮನಿಯ ಒಂದು ಕಂಪನಿ ತನ್ನ ಅಚ್ಚಿನ ಯಂತ್ರವನ್ನು ಈ ಶೆಡ್ಡಿನಲ್ಲಿಟ್ಟು ಇಲ್ಲಿಂದ ಎರಕದ ಸಾಮಾನು ತರಿಸಿಕೊಳ್ಳುತ್ತಿತ್ತು. ಕಂಪನಿ ಅಲ್ಲಿ ದಿವಾಳಿಯಾಯಿತು. ಅಲ್ಲಿನ ಕೋರ್ಟು ಅದರ ಆಸ್ತಿ ವಿಲೇವಾರಿಗೆ ಒಬ್ಬ ಆಡಳಿತಾಧಿಕಾರಿಯನ್ನು ನೇಮಿಸಿತು. ಆತ ಸಜ್ಜನ. ಯಂತ್ರವನ್ನು ನಮ್ಮ ಕಕ್ಷಿದಾರರಾದ ಕೆಲಸಗಾರರ ಸಂಘಕ್ಕೇ ಬರೆದುಕೊಡುತ್ತೇನೆಂದ. ಅಷ್ಟರಲ್ಲಿ ಬಾಡಿಗೆ ಬಾಕಿ ಬರಬೇಕಿದ್ದ ಇಲ್ಲಿನ ಲಾರಿ ಮಾಲೀಕನೊಬ್ಬ ಜರ್ಮನ್ ಕಂಪನಿಯ ಮೇಲೆ ದಾವೆ ಹೂಡಿ ಶೆಡ್ಡಿಗೆ ಬೀಗ ಹಾಕಿಸಿದ್ದ. ಬೀಗ ತೆಗೆಯಬೇಕಾದರೆ ಅಲ್ಲಿನ ದಿವಾಳಿಯನ್ನೂ ಆ ಅಧಿಕಾರಿಯನ್ನೂ ಇಲ್ಲಿನ ಕೋರ್ಟು ಮಾನ್ಯ ಮಾಡಬೇಕು. ನಮ್ಮ ಕಾನೂನಿನಲ್ಲಿ ಅದಕ್ಕೊಂದು ಕಲಮು ಇದೆ, ಆ ದೇಶದೊಡನೆ ಒಪ್ಪಂದವಾಗಿದ್ದರೆ ಅನ್ವಯ. ಆ ಒಪ್ಪಂದ ಮಾತ್ರ ಇನ್ನೂ ಆಗಿಲ್ಲ.

ಶೆಡ್ಡಿನ ಫೋರ್ಮನ್ ಸಾಹೇಬರು ಪ್ರತಿ ವಾಯಿದೆಗೂ ಬರುತ್ತಿದ್ದರು.

"ಸಾರ್, ಕಂಪನಿ ಸತ್ತಿದೆಯೋ ಬದುಕಿದೆಯೋ?"

"ಅಲ್ಲಿ ಸತ್ತಿದೆ ಸಾಹೇಬ್ರೆ, ತಿಥಿನೂ ಮುಗಿದಿದೆ. ಇಲ್ಲಿ ಇನ್ನೂ ಅದರ ಹೆಸರಿಗೆ ಸಮನ್ಸ್ ಹೋಗ್ತಾ ಇದೆ."

"ಮಿಷನ್ ಕೊಡ್ತೀನಿ ಅಂತ ಆ ಯಪ್ಪ ಬರ್ದಿದಾನಲ್ಲ?"

"ಕೊಡ್ತಾನೆ. ಅವನು ಯಾರು ಅಂತ ನಮ್ ಕೋರ್ಟಿಗೆ ಗೊತ್ತಿಲ್ಲ."

ಯಂತ್ರ ತುಕ್ಕು ಹಿಡಿದರೆ ಗೆದ್ದೂ ಪ್ರಯೋಜನವಿಲ್ಲ, ಶೆಡ್ಡಿನ ಅಷ್ಟೂ ಜನರ ಅನ್ನ ಅದರಲ್ಲಿತ್ತು. ಎಣ್ಣೆ ಹಾಕಲು ಅನುಮತಿ ಕೋರಿ ಸೀನಿಯರ್ ಸಲ್ಲಿಸಿದ ಅರ್ಜಿ ವಜಾ ಆಯಿತು. ಆಗ ಆಯುಧಪೂಜೆಗೆಂದು ಒಂದು ದಿನ ಬೀಗ ತೆಗೆಯಲು ಅರ್ಜಿ ಹಾಕಿದರು. ಜರ್ಮನಿಯ ನ್ಯಾಯಾಲಯವನ್ನು ಅರಿಯದ ನಮ್ಮ ನ್ಯಾಯಾಲಯ ನಿಂಬೆಹಣ್ಣನ್ನು ಕೂಡಲೇ ಅರಿಯಿತು. ಪೂಜೆ ಮಾಡಬಹುದು, ಯಂತ್ರ ಚಾಲೂ ಮಾಡತಕ್ಕದ್ದಲ್ಲ ಎಂದು ಆದೇಶವಾಯಿತು.

ಸಾಹೇಬರು ಹೂವಿನ ಬುಟ್ಟಿಯ ತಳದಲ್ಲಿ ಎಣ್ಣೆ ಡಬ್ಬಿ ಇಟ್ಟುಕೊಂಡು ಬಂದರು. ಆದೇಶ ಮೀರದಂತೆ ನೋಡಿಕೊಳ್ಳಲು ಕೋರ್ಟಿನ ಅಮೀನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದ.

"ಅದೇನ್ರಿ ಡಬ್ಬಿ? ಆರ್ಡರಲ್ಲಿ ಎಣ್ಣೆ ಇಲ್ಲ, ಪೂಜೆ ಅಂತ ಇದೆ."

"ತೆಂಗಿನಕಾಯಿ ಇದೆಯೇನಪ್ಪ ಆರ್ಡರಲ್ಲಿ?" ಸೀನಿಯರ್ ಕೇಳಿದರು.

"ಅದು ಪೂಜೇಲೆ ಬರುತ್ತೆ ಸಾರ್."

ಎಣ್ಣೆ ಹೊರಗುಳಿಯಿತು, ಕಾಯಿ ಒಳಗೆ ಹೋಯಿತು. ಒಬ್ಬರ ಹರಕೆ ಇನ್ನೊಬ್ಬರಿಗೆ ಸಲ್ಲದೆಂದು ಪ್ರತಿಯೊಬ್ಬನೂ ತನ್ನದೇ ಕಾಯಿಯನ್ನು ಯಂತ್ರದ ಹಾಸಿನ ಮೇಲೇ ಒಡೆದ. ಕಾಯಿನೀರು ಯಂತ್ರದ ಭಾಗಗಳು ಜಾರುವ ಹಳಿಗಳ ಸಂದಿಗೆ ಇಳಿಯಿತು. ಸಾಹೇಬರು ಕರವಸ್ತ್ರ ತೆಗೆದು ಒರೆಸಹೋದರೆ ಅಮೀನ, "ಮುಟ್ಬೇಡ್ರಿ, ಅದು ರಿಪೇರಿ ಆಗುತ್ತೆ," ಎಂದ. ಮರುವರ್ಷವೂ ಹೀಗೇ, ಅದರ ಮರುವರ್ಷವೂ. ಕೇಸು ಸೊರಗಿದಷ್ಟೂ ಕಾಯಿಗಳು ಹೆಚ್ಚಿದವು. ಬೇಡ ಎನ್ನುವ ಎದೆ ಯಾರಿಗಿತ್ತು?

ಕೊನೆಗೆ ಯಂತ್ರದ ಬೆಲೆ ಕಟ್ಟಲು ಬಂದ ಇಂಜಿನಿಯರು ಬಗ್ಗಿ ನೋಡಿ, "ಇದಕ್ಕೆ ಯಾರು ನೀರು ಹೊಯ್ದಿದ್ದು?" ಎಂದು ಕೇಳಿದ. ಹಳಿಗಳು ಕಚ್ಚಿಕೊಂಡಿದ್ದವು. ಇನ್ನು ಗುಜರಿಗೆ ಹಾಕಬಹುದು ಎಂದ. ಅದೇ ಹೊತ್ತಿಗೆ ಜರ್ಮನಿಯಿಂದ ಸುದ್ದಿ ಬಂತು. ಅಲ್ಲಿ ದಿವಾಳಿ ಪ್ರಕರಣ ಮುಗಿದು ಅಧಿಕಾರಿಯೂ ಆ ಹೊಣೆಯಿಂದ ಬಿಡುಗಡೆಯಾಗಿದ್ದ. ಇನ್ನು ಮಾನ್ಯ ಮಾಡೋಣವೆಂದರೂ ಅಲ್ಲಿ ಯಾರೂ ಇರಲಿಲ್ಲ.

ಆ ದಿನ ಬಸ್ಸಿನಲ್ಲಿ ಸೀನಿಯರ್ ಕೋಟು ಕಳಚಲಿಲ್ಲ. "ಈ ಕೇಸಲ್ಲಿ ನಾನು ಗೆದ್ದಿದ್ದು ಒಂದೇ ಆರ್ಡರ್ ಮಾರಾಯ. ಮಿಷನ್ ತಿಂದಿದ್ದೂ ಅದೇ," ಎಂದರು. ಕೈ ಕಿವಿಯ ಹತ್ತಿರ ಹೋಗಲಿಲ್ಲ.

ಮುಂದಿನ ದಸರಾಕ್ಕೆ ಮೊದಲೇ ಅವರು ತೀರಿಕೊಂಡರು. ಭದ್ರಾವತಿಯ ಕೋರ್ಟಿನಲ್ಲಿ ಎಲ್ಲರೂ ಎದ್ದು ಮೌನವಾಗಿ ನಿಂತರು. ಅವರ ಸಾವನ್ನು ನ್ಯಾಯಾಲಯ ಯಾವ ಒಪ್ಪಂದವನ್ನೂ ಕೇಳದೆ ಮಾನ್ಯ ಮಾಡಿತು. ನಮ್ಮ ಕೇಸಿಗೆ ಮುಂದಿನ ದಿನಾಂಕ ಬಿತ್ತು.

ಹೊರಗೆ ಸಾಹೇಬರು ನಿಂತಿದ್ದರು. ಈಗ ಗೋಪಾಳ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಕಾವಲು ಕಾಯುತ್ತಾರೆ.

"ಈ ವರ್ಷ ಪೂಜೆ ಅರ್ಜಿ ನೀವು ಹಾಕ್ತೀರೇನ್ ಸಾರ್?"

"ಮಿಷನ್ ಹೋಯ್ತಲ್ಲ ಸಾಹೇಬ್ರೆ."

"ಗೊತ್ತು. ಒಂದಿನ ಶೆಡ್ ಒಳಗೆ ಹೋಗ್ಬೋದಲ್ಲ."

ಹಳೆಯ ಕಡತದಿಂದ ಸೀನಿಯರ್ ಬರೆದ ಅರ್ಜಿ ತೆಗೆದೆ. ಒಂದು ಪದವನ್ನೂ ತಿದ್ದದೆ ನಕಲು ಮಾಡಿ, ಕೆಳಗೆ ನನ್ನ ರುಜು ಹಾಕಿದೆ. ಅನುಮತಿ ಸಿಕ್ಕಿತು.