ಮಗಳ ಮಾತಿಗೆ ಕಾದ ವರ್ಷ

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಹೊಳೆನರಸೀಪುರದ ಒಂದು ಶಿಶುವಿಹಾರದಲ್ಲಿ ಟೀಚರಾಗಿದ್ದೆ. ಯಜಮಾನರು ಕಟ್ಟಾಯದ ಶಾಲೆಯಲ್ಲಿ ಮೇಷ್ಟರು. ಶನಿವಾರ ಬಂದು ಸೋಮವಾರ ಬೆಳಿಗ್ಗೆ ಹೊರಟುಬಿಡುತ್ತಿದ್ದರು. ಉಳಿದ ದಿನ ಮನೆಯಲ್ಲಿ ಅತ್ತೆ, ನಾನು, ಮೂರು ವರ್ಷ ದಾಟಿದ ಮಗಳು. ಮಗಳಿಗೆ ಇನ್ನೂ ಮಾತು ಬಂದಿರಲಿಲ್ಲ.

ಹಾಗೆಂದು ಪೂರ್ತಿ ಸುಮ್ಮನಿರುವ ಮಗುವೂ ಅಲ್ಲ. ಬೇಕಾದದ್ದರ ಕಡೆ ಬೆರಳು ತೋರಿಸಿ 'ಅಂ' ಅನ್ನುತ್ತಿದ್ದಳು. ನೀರು ತಾ ಅಂದರೆ ಅರ್ಧ ಚೆಲ್ಲಿಕೊಂಡು ಚೊಂಬು ಹಿಡಿದು ಬರುತ್ತಿದ್ದಳು. ಅತ್ತೆಗೆ ಅದು ಚಿಂತೆಯ ವಿಷಯವೇ ಆಗಿರಲಿಲ್ಲ. ಅವರ ತಮ್ಮನೂ ತಡವಾಗಿ ಮಾತಾಡಿದವನಂತೆ. ನನಗೂ ಅಲ್ಲಿಯವರೆಗೆ ಅಷ್ಟೇನೂ ಭಯವಿರಲಿಲ್ಲ. ಭಯ ಹತ್ತಿಕೊಂಡದ್ದು ಮೈಸೂರಿನಿಂದ ಆ ಮೇಡಂ ಬಂದ ಮೇಲೆ.

ಶಾಲೆಗೆ ಸೇರುವ ಮುಂಚಿನ ಮಕ್ಕಳು ಮಾತು, ಆಟ, ಕೈಚಳಕಗಳನ್ನು ಹೇಗೆ ಕಲಿಯುತ್ತಾರೆ ಅನ್ನುವುದು ಅವರ ಸಂಶೋಧನೆ. ಹಾಸನದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಸುತ್ತಲಿನ ಊರುಗಳ ಮಕ್ಕಳನ್ನು ನೋಡಲು ಹೊರಟಿದ್ದರು. ಅವರ ಮೈಸೂರು ಮಾತಿಗೆ ನಮ್ಮ ಮಕ್ಕಳು ಬಾಯಿ ಬಿಡುತ್ತಿರಲಿಲ್ಲ. ಊರ ಮಾತು ಬಲ್ಲವರೊಬ್ಬರು ಜೊತೆಗೆ ಬೇಕೆಂದು ಅವರು ಕೇಳಿದ್ದಕ್ಕೆ ಮೇಲಿನವರು ನನ್ನನ್ನು ಹಾಕಿದರು. ಊರೂರು ತಿರುಗುವ ಕೆಲಸವೆಂದು ಮೊದಲು ಖುಷಿಯೇ ಆಯಿತು.

ಮೇಡಂ ಹತ್ತಿರ ಒಂದು ತಗಡಿನ ಟ್ರಂಕು. ಅದರೊಳಗೆ ಬಣ್ಣದ ಮರದ ತುಂಡುಗಳು, ಮಣಿ ಮತ್ತು ದಾರ, ಚಿತ್ರಗಳು, ಒಂದು ಬೊಂಬೆ, ಒಂದು ಸಣ್ಣ ಗಂಟೆ. ಪ್ರತಿ ಮಗುವನ್ನೂ ಚಾಪೆಯ ಮೇಲೆ ಕೂರಿಸಿ, ತುಂಡುಗಳನ್ನು ಒಂದರ ಮೇಲೊಂದು ಜೋಡಿಸು, ಮಣಿ ಪೋಣಿಸು, ಚಿತ್ರದಲ್ಲಿರುವುದು ಏನು ಹೇಳು ಎಂದು ಕೇಳಬೇಕು. ಎಲ್ಲಕ್ಕಿಂತ ಕಷ್ಟವಾಗುತ್ತಿದ್ದದ್ದು ವಯಸ್ಸು ತಿಳಿಯುವುದು. ಯಾವಾಗ ಹುಟ್ಟಿತು ಎಂದು ಕೇಳಿದರೆ ತಾಯಂದಿರು ರಾಗಿ ಕುಯ್ಯುವಾಗ ಅನ್ನುವರು, ನಾದಿನಿಯ ಮದುವೆಯ ಹಿಂದಿನ ವಾರ ಅನ್ನುವರು. ನಾನು ಆ ಮದುವೆ ಯಾವ ವರ್ಷದ್ದೆಂದು ಅವರಿವರನ್ನು ಕೇಳಿ ಲೆಕ್ಕ ಹಾಕಬೇಕಿತ್ತು. ಲೆಕ್ಕ ಮುಗಿದ ಕೂಡಲೇ ನನ್ನ ತಲೆಯಲ್ಲಿ ಇನ್ನೊಂದು ಲೆಕ್ಕ ತಾನಾಗಿ ಶುರುವಾಗುತ್ತಿತ್ತು: ಈ ಮಗು ನನ್ನ ಮಗಳಿಗಿಂತ ದೊಡ್ಡದೋ, ಚಿಕ್ಕದೋ?

ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಮಂಡಿಯವರ ಮಗುವೊಂದು ಬಂತು. ಮೇಡಂ ಮರದ ತುಂಡುಗಳನ್ನು ಮುಂದಿಟ್ಟರೆ ಆ ಹುಡುಗಿ ಜೋಡಿಸಲೇ ಇಲ್ಲ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ, ಕೆಲವನ್ನು ಈ ಕಡೆ, ಕೆಲವನ್ನು ಆ ಕಡೆ ಹಾಕಿದಳು. ಏನು ಮಾಡುತ್ತಿದ್ದೀಯೆಂದು ಕೇಳಿದೆ.

"ಇವು ಎಳೇವು, ಇವು ಬಲ್ತವೆ" ಅಂದಳು.

ಮೇಡಂ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಆ ಹುಡುಗಿ ನನ್ನ ಮಗಳಿಗಿಂತ ಚಿಕ್ಕವಳು. ಎಷ್ಟು ಸಲೀಸಾಗಿ ಮಾತು ಬಂತು ಅವಳ ಬಾಯಿಂದ! ಹಾಸನಕ್ಕೆ ವಾಪಸು ಬರುವಾಗ ಶಾಂತಿಗ್ರಾಮದಲ್ಲಿ ಬಸ್ಸು ನಿಂತಿತು. ಡ್ರೈವರು ಕಾಫಿಗೆ ಇಳಿದ. ಎಲ್ಲರೂ ಸುಮ್ಮನೆ ಕೂತಿದ್ದರು. ನನಗೆ ಮಾತ್ರ ಕೂರಲಾಗಲಿಲ್ಲ. ಇಳಿದು ಬಸ್ಸಿನ ಸುತ್ತ ಒಬ್ಬಳೇ ತಿರುಗಿದೆ. ಕಂಡಕ್ಟರು ಏನಾದರೂ ಬಿದ್ದುಹೋಯಿತೇ ಎಂದು ಕೇಳಿದ.

ಅಂದಿನಿಂದ ಮನೆಯಲ್ಲೂ ನನ್ನ ಪರೀಕ್ಷೆ ಶುರುವಾಯಿತು. ಮರದ ತುಂಡುಗಳಿಲ್ಲ, ಖಾಲಿ ಬೆಂಕಿಪೊಟ್ಟಣಗಳನ್ನು ಕೂಡಿಸಿಟ್ಟೆ. ಕೆಲಸದಿಂದ ಬಂದವಳೇ ಕಾಲಿಗೆ ನೀರು ಹಾಕಿಕೊಂಡು ಮಗಳನ್ನು ಎದುರಿಗೆ ಕೂರಿಸಿಕೊಳ್ಳುವುದು. ಇದೇನು, ಅದೇನು, ಇದರ ಬಣ್ಣ ಯಾವುದು, ಹೇಳು, ಇನ್ನೊಂದು ಸಲ ಹೇಳು. ಅವಳು ಪೊಟ್ಟಣ ಜೋಡಿಸುವಳು, ಬಾಯಿ ಮಾತ್ರ ತೆರೆಯಳು. ಒಲೆಯ ಮೇಲೆ ಸಾರು ಉಕ್ಕುತ್ತಿದ್ದರೂ ನನಗೆ ಗಮನವಿರುತ್ತಿರಲಿಲ್ಲ. ಅತ್ತೆ ಒಂದೆರಡು ದಿನ ನೋಡಿದರು. ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟರು:

"ಮಗೀನ ಯಾಕವ್ವಾ ಅಂಗೆ ಕಾಡ್ತೀಯಾ? ಅದೇನು ಪರೀಕ್ಸೆಗೆ ಕುಂತೈತಾ?"

ಆದರೂ ನಾನು ಬಿಡಲಿಲ್ಲ.

ಕೆಲವು ವಾರ ಕಳೆದಿರಬೇಕು. ಒಂದು ಸಂಜೆ ನಾನು ಕಾಲು ತೊಳೆದು ಹೊಸ್ತಿಲು ದಾಟುತ್ತಿದ್ದ ಹಾಗೆಯೇ ಮಗಳು ಗೂಡಿನಿಂದ ಬೆಂಕಿಪೊಟ್ಟಣಗಳನ್ನು ತಾನೇ ತಂದಳು. ನನ್ನ ಕಾಲ ಬಳಿ ಕೂತು ಒಂದರ ಮೇಲೊಂದು ಪೇರಿಸಿದಳು, ಎಲ್ಲವನ್ನೂ, ಬೀಳದ ಹಾಗೆ. ನನ್ನ ಮುಖ ನೋಡದೆ ಎದ್ದು ಹಿತ್ತಿಲಿಗೆ, ಅಜ್ಜಿಯ ಹತ್ತಿರ, ಹೊರಟುಹೋದಳು. ಕೊಡಬೇಕಾದದ್ದನ್ನು ಕೊಟ್ಟಾಯಿತು, ಇನ್ನು ನನ್ನ ಪಾಡಿಗೆ ಬಿಡು ಅನ್ನುವ ಹಾಗಿತ್ತು ಅವಳ ನಡಿಗೆ. ಆ ಪೊಟ್ಟಣದ ಗೋಪುರದ ಮುಂದೆ ನಾನು ಒದ್ದೆ ಕಾಲಲ್ಲಿ ನಿಂತೇ ಇದ್ದೆ.

ಮಾರನೆಯ ವಾರ ಅರಕಲಗೂಡಿನ ಶಾಲೆಯೊಂದರಲ್ಲಿ ಕೆಲಸವಿತ್ತು. ಮಗಳನ್ನೂ ಬಸ್ಸಿಗೆ ಹತ್ತಿಸಿಕೊಂಡು ಹೋದೆ. ನನ್ನ ಮಗುವಿಗೆ ಮಾತಿಲ್ಲವೆಂದು ಮೇಡಂಗೆ ಅಲ್ಲಿಯವರೆಗೆ ಹೇಳಿಯೇ ಇರಲಿಲ್ಲ. ಅಂದು ಹೇಳಿದೆ. ಅವರು ಆಶ್ಚರ್ಯವೇನೂ ತೋರಿಸದೆ, ನೀವು ಸ್ವಲ್ಪ ಹೊರಗಿರಿ ಅಂದರು.

ಆ ಶಾಲೆಯ ಹಿಂದೆ ಒಂದು ಬಾವಿ, ಅದರಾಚೆ ದಾಸವಾಳದ ಗಿಡ. ಬಾವಿಯಿಂದ ಗಿಡಕ್ಕೆ, ಗಿಡದಿಂದ ಬಾವಿಗೆ ನಡೆದೆ. ಒಳಗೆ ಗಂಟೆ ಬಾರಿಸಿದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಕಿಟಕಿಯಲ್ಲಿ ಇಣುಕಲು ಹೋಗಿ ನಾಚಿಕೆಯಾಗಿ ಹಿಂದೆ ಬಂದೆ. ನೀರು ಸೇದಲು ಬಂದ ಹೆಂಗಸೊಬ್ಬಳು ಕುಡಿಯಲು ಕೊಡಲೇ ಎಂದಾಗ ಬೇಡವೆಂದೆ. ಅವಳು ಹೋದ ಮೇಲೆ ಬಾಯಿ ಒಣಗಿದ್ದು ಗೊತ್ತಾಯಿತು.

ಕೊನೆಗೆ ಮೇಡಂ ಹೊರಗೆ ಬಂದರು. ಬೆನ್ನ ಹಿಂದೆ ಎಷ್ಟು ಮೆಲ್ಲಗೆ ಗಂಟೆ ಬಾರಿಸಿದರೂ ತಿರುಗಿ ನೋಡುತ್ತಾಳೆ, ಹೇಳಿದ್ದೆಲ್ಲ ತಿಳಿಯುತ್ತದೆ, ಬೊಂಬೆಗೆ ತಲೆ ಬಾಚಿ ಮಲಗಿಸಿದಳು ಎಂದರು. ಹಾಗಾದರೆ ಮಾತು ಏಕೆ ಬಂದಿಲ್ಲ ಎಂದು ಕೇಳಿದೆ.

"ನನಗೆ ಗೊತ್ತಿಲ್ಲ" ಅಂದರು.

ನನಗೆ ಸಿಟ್ಟು ಬಂತು. ಇಷ್ಟು ಊರು ಸುತ್ತಿ, ಇಷ್ಟು ಮಕ್ಕಳನ್ನು ಕೂರಿಸಿ ನೋಡಿದವರಿಗೆ ಗೊತ್ತಿಲ್ಲವೆಂದರೆ ಇನ್ನಾರಿಗೆ ಗೊತ್ತು ಎಂದು ದನಿ ಏರಿಸಿಯೇ ಕೇಳಿದೆ. ಅವರು ಬಾವಿಕಟ್ಟೆಯ ಮೇಲೆ ಕೂತು, ನನ್ನನ್ನೂ ಕೂರಿಸಿದರು.

"ಸಾಮಾನ್ಯವಾಗಿ ಮಕ್ಕಳು ಯಾವಾಗ ಏನು ಮಾಡ್ತಾರೆ ಅಂತ ನಾನು ಹೇಳಬಲ್ಲೆ. ನಿಮ್ಮ ಮಗಳು ಯಾವಾಗ ಮಾತಾಡ್ತಾಳೆ ಅನ್ನೋದು ಅದರಿಂದ ತಿಳಿಯೋಲ್ಲ. ಮೈಸೂರಲ್ಲಿ ಒಮ್ಮೆ ಡಾಕ್ಟರಿಗೆ ತೋರಿಸಿ. ಅಲ್ಲೀವರೆಗೂ ಅವಳನ್ನ ಏನೂ ಕೇಳಬೇಡಿ."

ಕೇಳದೆ ಏನು ಮಾಡಲಿ ಅಂದೆ. ಸುಮ್ಮನೆ ಮಾತಾಡಿ ಅಂದರು. ಅಲ್ಲಿ ಕೂತು ನೆನಪು ಮಾಡಿಕೊಂಡೆ. ಎಷ್ಟೋ ವಾರಗಳಿಂದ ಮಗಳ ಜೊತೆ ನಾನಾಡಿದ್ದ ಮಾತೆಲ್ಲ ಬರೀ ಪ್ರಶ್ನೆಗಳೇ.

ದಸರಾ ರಜೆಗೆ ಯಜಮಾನರ ಜೊತೆ ಮೈಸೂರಿಗೆ ಹೋಗಿ ತೋರಿಸಿದೆವು. ಡಾಕ್ಟರು ಕಿವಿ, ಗಂಟಲು ನೋಡಿ ದೋಷವೇನೂ ಇಲ್ಲವೆಂದರು. ಆ ಮಾತಿನಿಂದಲೂ ನನಗೆ ಸಮಾಧಾನವಾಗಲಿಲ್ಲ. ದೋಷ ಸಿಕ್ಕಿದ್ದರೆ ಔಷಧಿಯಾದರೂ ಇರುತ್ತಿತ್ತಲ್ಲ ಅನ್ನಿಸಿತು. ಊರಿಗೆ ಬಂದವಳೇ ಬೆಂಕಿಪೊಟ್ಟಣಗಳನ್ನು ಒಲೆಗೆ ಹಾಕಿದೆ. ಹುರುಳಿಕಾಯಿ ಸೋಸುವಾಗ, ಬಟ್ಟೆ ಒಗೆಯುವಾಗ ಮಾಡುತ್ತಿದ್ದ ಕೆಲಸವನ್ನೇ ಬಾಯಲ್ಲಿ ಹೇಳುತ್ತ ಹೋದೆ: ಇದು ಬಲಿತಿದೆ, ಇದರ ನಾರು ತೆಗೀತೀನಿ, ಈಗ ಪಾತ್ರೆಗೆ ಹಾಕ್ತೀನಿ. ಯಾರ ಜೊತೆ ಮಾತಾಡ್ತಿದ್ದೀಯ ಎಂದು ಯಜಮಾನರು ಹಜಾರದಿಂದ ಕೂಗಿ ಕೇಳಿದರು. ಮಗಳು ಮಾತ್ರ ಮೆಲ್ಲಗೆ ಹತ್ತಿರ ಸರಿದು, ನನ್ನ ಮಂಡಿಗೆ ಒರಗಿ ಕೂರತೊಡಗಿದಳು. ಅವಳ ಬಾಯನ್ನೇ ನೋಡದಿರಲು ನಾನು ತುಂಬ ಕಷ್ಟಪಡಬೇಕಾಗುತ್ತಿತ್ತು.

ಸುಗ್ಗಿಯ ಹೊತ್ತಿಗೆ ಅದು ನಡೆಯಿತು, ನಾನಿಲ್ಲದಾಗ. ನಾನು ಹಾಸನದಲ್ಲಿ ಯಾರದೋ ಮಕ್ಕಳಿಗೆ ಚಿತ್ರ ತೋರಿಸುತ್ತಿದ್ದೆ. ಸಂಜೆ ಬಂದಾಗ ಅತ್ತೆ ರಾಗಿ ಒಣಗಿದ ಸುದ್ದಿ, ಪಕ್ಕದ ಮನೆಗೆ ನೆಂಟರು ಬಂದ ಸುದ್ದಿ ಎಲ್ಲ ಹೇಳಿ, ನಡುವೆ ಇದನ್ನೂ ಹೇಳಿದರು. ಅಂಗಳದಲ್ಲಿ ರಾಗಿ ಹರವಿತ್ತು. ಅವರು ಒಳಗಿದ್ದರು. ಹೊರಗಿನಿಂದ ಮಗು ಕೂಗಿತು.

"'ಅಜ್ಜೀ, ಕೋಳಿ ಬಂದೈತೆ' ಅಂದ್ಲು ಕಣವ್ವಾ. ಓಡ್ಸು ಅಂದೆ. ಓಡ್ಸುದ್ಲು."

ಅಷ್ಟೇ. ಅತ್ತೆ ಏಳಲೂ ಇಲ್ಲವಂತೆ. ನಾನು ಅವರ ಕೈ ಹಿಡಿದುಕೊಂಡು ಇನ್ನೊಂದು ಸಲ ಹೇಳಿಸಿದೆ. ಮಗಳ ಹತ್ತಿರ ಓಡಿದೆ. ಏನೂ ಕೇಳಬಾರದೆಂದು ತುಟಿ ಕಚ್ಚಿಕೊಂಡೆ. ಅವಳು ಆ ರಾತ್ರಿ ಮಾತಾಡಲಿಲ್ಲ, ಮಾರನೆಯ ದಿನವೂ ಇಲ್ಲ. ಅತ್ತೆ ಭ್ರಮೆಪಟ್ಟರೇ ಎಂದು ಅನುಮಾನವೂ ಬಂತು. ಆಮೇಲೊಂದು ಬೆಳಿಗ್ಗೆ ಅವಸರದಲ್ಲಿ ಅವಳ ಜಡೆ ಹೆಣೆಯುತ್ತಿದ್ದೆ.

"ನೋಯ್ತದೆ" ಅಂದಳು.

ನನ್ನ ಜೊತೆ ಅವಳಾಡಿದ ಮೊದಲ ಮಾತು ಅದು. ಬಾಚಣಿಗೆ ಕೆಳಗಿಟ್ಟು, ಬಸ್ಸು ತಪ್ಪಿದರೆ ತಪ್ಪಲಿ ಎಂದು ನಿಧಾನವಾಗಿ ಹೆಣೆದೆ.

ಮುಂದಿನ ಬೇಸಿಗೆಗೆ ಮೇಡಂ ಕೆಲಸ ಮುಗಿಸಿ ಮೈಸೂರಿಗೆ ಹೋದರು. ಮಗಳು ಆ ಹೊತ್ತಿಗೆ ಸಾಕಷ್ಟು ಮಾತಾಡುತ್ತಿದ್ದಳು, ಅದೂ ಅತ್ತೆಯದೇ ಧಾಟಿಯಲ್ಲಿ. ನಾನೋ, ಅವಳು ತೊದಲುತ್ತಾಳೇನೋ ಎಂದು ಕಿವಿಗೊಟ್ಟು ಕೂರುತ್ತಿದ್ದೆ. ಎರಡು ವರ್ಷದ ಮೇಲೆ ಮಗ ಹುಟ್ಟಿದ. ವರ್ಷ ತುಂಬುವ ಮೊದಲೇ ಅವನು ಅಮ್ಮ ಅಂದ, ಅಕ್ಕ ಅಂದ. ಎಲ್ಲರೂ ನಕ್ಕು ಮುದ್ದಾಡಿದರು. ನನಗೆ ಮಾತ್ರ ಇವನು ಇನ್ನೂ ಎದ್ದು ನಿಲ್ಲುತ್ತಿಲ್ಲವಲ್ಲ ಎಂಬ ಯೋಚನೆ ಹತ್ತಿಕೊಂಡಿತು.